ಅಡುಗೆಮನೆಯ ಗೋಡೆಯ ಫ್ಲೋಚಾರ್ಟ್

ಕೊಟ್ಟೂರಿನಲ್ಲಿ ನಾನು ಪಾಠ ಮಾಡುವ ಕಂಪ್ಯೂಟರ್ ಕೇಂದ್ರ ಒಂದು ಎಣ್ಣೆ ಅಂಗಡಿಯ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಾಗ ಶೇಂಗಾ ಹಿಂಡಿಯ ವಾಸನೆ ಬರುತ್ತದೆ. ಎಂಟು ಕಂಪ್ಯೂಟರುಗಳಿವೆ, ಐದು ನಡೆಯುತ್ತವೆ. ಕರೆಂಟು ಹೋದರೆ ಬ್ಯಾಟರಿ ಹತ್ತು ನಿಮಿಷ ತಡೆಯುತ್ತದೆ. ನಾನು ಹಗರಿಬೊಮ್ಮನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂತಿರುಗುತ್ತೇನೆ. ಎಂಸಿಎ ಮುಗಿಸಿದ ಮೇಲೆ ಊರಿಗೆ ಏಕೆ ಬಂದೆ ಎಂಬುದು ಈ ಬರಹಕ್ಕೆ ಬೇಕಾದ ವಿಷಯವಲ್ಲ.

ಕಂಪ್ಯೂಟರನ್ನು ನಂಬಿ ಪಾಠ ಮಾಡುವಂತಿರಲಿಲ್ಲವಾದ್ದರಿಂದ ಮೊದಲ ಒಂದು ತಿಂಗಳು ನಾನು ಕಾಗದದ ಮೇಲೆಯೇ ಕಲಿಸುತ್ತಿದ್ದೆ. ಪ್ರೋಗ್ರಾಂ ಬರೆಯುವ ಮೊದಲು ಅದರ ದಾರಿಯನ್ನು ಚಿತ್ರವಾಗಿ ಬರೆಯುವುದು, ಅಂದರೆ ಫ್ಲೋಚಾರ್ಟ್. ಶುರುವಿಗೂ ಕೊನೆಗೂ ಒಂದೊಂದು ಮೊಟ್ಟೆಯಾಕಾರ. ಮಾಡಬೇಕಾದ ಕೆಲಸಕ್ಕೆ ಚೌಕದ ಡಬ್ಬಿ. ಕೇಳಬೇಕಾದ ಪ್ರಶ್ನೆಗೆ ನಾಲ್ಕು ಮೂಲೆ ಚೂಪಾದ, ಓರೆಯಾಗಿ ನಿಂತ ಡಬ್ಬಿ. ಅದರಿಂದ ಎರಡು ಗೆರೆ ಹೊರಡಬೇಕು, ಹೌದು ಎಂಬುದೊಂದು, ಇಲ್ಲ ಎಂಬುದೊಂದು. ಎರಡರಲ್ಲಿ ಯಾವುದೂ ನಡುವೆ ನಿಲ್ಲಬಾರದು. ಇದನ್ನು ಕಪ್ಪು ಹಲಗೆಯ ಮೇಲೆ ಮೊದಲ ದಿನ ಬರೆದಾಗ, ತಂದೆಯ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಪಾಠಕ್ಕೆ ಬರುತ್ತಿದ್ದ ಒಬ್ಬ ಯುವಕ ಹಿಂದಿನ ಬೆಂಚಿನಿಂದ, "ಮೇಡಂ, ಇದು ಶಂಕರಪೋಳಿ ಅಲ್ರೀ?" ಎಂದ. ಪ್ರಶ್ನೆಯ ಡಬ್ಬಿಯ ಆಕಾರ ಆ ಕರಿದ ಸಿಹಿ ತಿನಿಸಿನದೇ, ಎಲ್ಲರೂ ನಕ್ಕರು. ಅಂದಿನಿಂದ ತರಗತಿಯಲ್ಲಿ ಅದರ ಹೆಸರು ಶಂಕರಪೋಳಿ ಎಂದೇ ಆಯಿತು. ನಾನೂ ಬಳಸತೊಡಗಿದೆ.

ಎರಡನೆಯ ವಾರ, ಮನೆಯಲ್ಲಿ ದಿನವೂ ನಡೆಯುವ ಒಂದು ಕೆಲಸದ ಫ್ಲೋಚಾರ್ಟ್ ಬರೆದು ತರಲು ಹೇಳುತ್ತೇನೆ. ಚಹಾ ಕಾಸುವುದು, ನಲ್ಲಿ ನೀರು ಹಿಡಿಯುವುದು, ಹಡಗಲಿ ಬಸ್ಸು ತಪ್ಪಿದರೆ ಏನು ಮಾಡುವುದು, ಸಾಮಾನ್ಯವಾಗಿ ಇಂಥವೇ ಬರುತ್ತವೆ. ಆ ಹೆಸರು ಬಿದ್ದ ವರ್ಷ ಒಬ್ಬಳು ಮಾತ್ರ ಬೇರೆಯದನ್ನು ತಂದಿದ್ದಳು. ಉಜ್ಜಿನಿ ರಸ್ತೆಯ ಒಂದು ಹಳ್ಳಿಯಿಂದ ಬರುತ್ತಿದ್ದ ಹುಡುಗಿ, ಬಿ.ಕಾಂ. ಮುಗಿಸಿದವಳು, ಕಡಿಮೆ ಮಾತಿನವಳು. ಅವಳ ಹಾಳೆಯ ಮೇಲೆ "ಅಪ್ಪನ ಸೂಜಿ" ಎಂದಿತ್ತು.

ಅವಳ ತಂದೆ ಗೌಂಡಿ, ಗೋಡೆ ಕಟ್ಟಿ ಗಾರೆ ಸವರುವ ಕೆಲಸದವರು. ಸಕ್ಕರೆ ಕಾಯಿಲೆ ಹೆಚ್ಚಾಗಿ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಬೇಕಾಗಿತ್ತು. ಸೂಜಿ ಹಾಕಿ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಅನ್ನ ಬೀಳಬೇಕು. ಬೀಳದಿದ್ದರೆ ರಕ್ತದ ಸಕ್ಕರೆ ಪೂರ್ತಿ ಇಳಿದು ಮನುಷ್ಯ ಕುಸಿಯುತ್ತಾನೆ. ಒಮ್ಮೆ ಹಾಗೆ ಆಗಿಯೂ ಇತ್ತು, ಆಗ ಅವಳು ಮನೆಯಲ್ಲಿದ್ದುದರಿಂದ ಬಾಯಿಗೆ ಬೆಲ್ಲದ ನೀರು ಹಾಕಿ ಉಳಿಸಿಕೊಂಡಿದ್ದಳು. ಅಂದಿನಿಂದ ಸೂಜಿ ಹಾಕುವುದು ಅವಳದೇ ಕೆಲಸ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಔಷಧಿಯ ಸೀಸೆಯನ್ನು ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ತೇಲಿಬಿಟ್ಟು ತಂಪಾಗಿ ಇಡುತ್ತಿದ್ದರು. ಇದನ್ನೆಲ್ಲ ಅವಳು ಹಾಳೆಯ ಮೇಲೆ ಒಂದೂ ಬಿಡದೆ ಬರೆದಿದ್ದಳು. ಅಷ್ಟು ಗಮನವಿಟ್ಟು ಬರೆದ ಹಾಳೆಯನ್ನು ಆ ತರಗತಿಯಲ್ಲಿ ನಾನು ಬೇರೆ ನೋಡಿರಲಿಲ್ಲ.

ಅದರಲ್ಲಿ ಒಂದು ಡಬ್ಬಿಯನ್ನು ಮಾತ್ರ ನಾನು ಒಪ್ಪಲಿಲ್ಲ. ಸೂಜಿ ಹಾಕಿದ ನಂತರದ ಚೌಕದಲ್ಲಿ ಅವಳು ಹೀಗೆ ಬರೆದಿದ್ದಳು: ಅಪ್ಪ ಉಣ್ಣೋತನ ಎದುರಿಗೆ ಕುಂದ್ರು.

ಉಣ್ಣುವವರೆಗೆ ಕೂರು ಎಂಬುದು ಪೂರ್ತಿ ಸರಿಯಲ್ಲ ಎಂದು ಅವಳಿಗೆ ತಿಳಿಸಿದೆ. ಉಣ್ಣದಿದ್ದರೆ ಏನು? ಎಷ್ಟು ಹೊತ್ತು ಕೂರಬೇಕು? ಈ ಡಬ್ಬಿಯಿಂದ ಹೊರಗೆ ಬರುವ ದಾರಿ ಎಲ್ಲಿದೆ? ಇಲ್ಲಿ ಒಂದು ಪ್ರಶ್ನೆ ಇರಬೇಕು, ಹೌದು ಅಥವಾ ಇಲ್ಲ ಎಂದು ಉತ್ತರಿಸಲು ಬರುವಂಥದ್ದು. ಹೀಗೆ ವಿವರಿಸಿ ಆ ಚೌಕದ ಮೇಲೆ ಕೆಂಪು ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಶಂಕರಪೋಳಿ ಬರೆದು, ಒಳಗೆ "ಊಟ ಆಯಿತೇ?" ಎಂದು ಸೇರಿಸಿದೆ. ಹೌದು ಎಂದರೆ ಕೊನೆ. ಇಲ್ಲ ಎಂದರೆ ಊಟ ಬಡಿಸಿ ಮತ್ತೆ ಅದೇ ಪ್ರಶ್ನೆಗೆ ಬರಬೇಕು. ಅವಳು ತುಸು ಹೊತ್ತು ಹಾಳೆಯನ್ನು ನೋಡಿ, ಆಯ್ತು ಮೇಡಂ ಎಂದು ಹೊಸದಾಗಿ ಬರೆದು ತಂದಳು. ನಾನು ಮೂಲೆಯಲ್ಲಿ ಕೆಂಪು ಗುರುತು ಹಾಕಿದೆ. ಸರಿ ಎಂಬುದಕ್ಕೆ ಎಲ್ಲ ಟೀಚರುಗಳೂ ಹಾಕುವ ಗುರುತು.

ಅದು ಅಲ್ಲಿಗೇ ಮುಗಿಯಬೇಕಾಗಿದ್ದ ಪಾಠ. ಆದರೆ ಮೂರು ತಿಂಗಳ ನಂತರ ಬಳ್ಳಾರಿಯಲ್ಲಿ ಹನ್ನೆರಡು ದಿನಗಳ ತರಬೇತಿಗೆ ನಮ್ಮ ಕೇಂದ್ರದಿಂದ ಇಬ್ಬರನ್ನು ಕಳಿಸುವ ಅವಕಾಶ ಬಂತು. ಅಲ್ಲಿ ಚೆನ್ನಾಗಿ ಮಾಡಿದವರಿಗೆ ಅಲ್ಲಿಯೇ ಕೆಲಸ ಸಿಗುವ ಸಂಭವವಿತ್ತು. ನಾನು ಮೊದಲು ಬರೆದದ್ದು ಅವಳ ಹೆಸರು. ಅವಳು ಆಗುವುದಿಲ್ಲ ಎಂದಳು. ಕಾರಣ ಕೇಳಿದೆ.

"ಅಪ್ಪಗ ಸೂಜಿ ಯಾರು ಹಾಕ್ತಾರ್ರೀ ಮೇಡಂ? ಅವ್ವಗ ಕೈ ನಡುಗಂಗಿಲ್ಲ, ಹಾಕ್ತಾಳ. ಆದ್ರ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಗಡಿಬಿಡಿ ಆಗ್ತೈತಿ. ಬರೆದಿಟ್ಟು ಹೋಗೋಣ ಅಂದ್ರ ಓದಾಕ ಬರಂಗಿಲ್ಲ."

ಆಗ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಓದಾಕ ಬರದಿದ್ರ ಏನಾತು? ಗೆರಿ ಹಿಡಿದು ಹೋಗಾಕ ಬರ್ತೈತಲ್ಲ."

ಆ ಫ್ಲೋಚಾರ್ಟನ್ನೇ ಅಕ್ಷರಗಳಿಲ್ಲದೆ ಚಿತ್ರಗಳಲ್ಲಿ ಬರೆದೆವು. ಮಡಕೆ, ಸೀಸೆ, ಸಿರಿಂಜು, ಶಂಕರಪೋಳಿಯೊಳಗೆ ಉಣ್ಣುವ ತಟ್ಟೆ, ಒಂದು ಗಂಗಾಳ. ಔಷಧಿ ಎಷ್ಟು ಎಳೆಯಬೇಕು ಎಂಬುದಕ್ಕೆ ಅವಳೇ ಉಪಾಯ ಹುಡುಕಿದಳು. ಹನ್ನೆರಡು ದಿನಗಳಿಗೆ ಬೇಕಾದಷ್ಟೂ ಸಿರಿಂಜುಗಳ ಮೇಲೆ ಉಗುರಿಗೆ ಹಚ್ಚುವ ಬಣ್ಣದಿಂದ ಗೆರೆ ಹಾಕಿದಳು, ಅಲ್ಲಿಯವರೆಗೆ ಎಳೆದರೆ ಸಾಕು.

ಪ್ರೋಗ್ರಾಂ ಬರೆದ ಮೇಲೆ ಅದನ್ನು ಕೈಯಿಂದಲೇ ನಡೆಸಿ ನೋಡುವ ಪದ್ಧತಿ ಇದೆ. ಬೇರೆ ಬೇರೆ ಉತ್ತರಗಳನ್ನು ಕೊಟ್ಟು ಗೆರೆ ಎಲ್ಲಿಗೆ ಒಯ್ಯುತ್ತದೆ ಎಂದು ಬೆರಳಿಟ್ಟು ಪರೀಕ್ಷಿಸುವುದು. ಅದನ್ನೂ ಮಾಡಿದೆವು. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಇಡೀ ಚಿತ್ರವನ್ನು ಬರೆದು, ಅವಳು ಅವ್ವನಾಗಿ ಒಂದೊಂದೇ ಡಬ್ಬಿಯ ಮೇಲೆ ಹೆಜ್ಜೆ ಇಟ್ಟಳು. ಸೈಕಲ್ ಅಂಗಡಿಯ ಯುವಕ ಅಪ್ಪನಾಗಿ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತ. ಅವಳು ಗಂಗಾಳದ ಚಿತ್ರದ ಮೇಲೆ ನಿಂತು ಊಟ ಆತೇನ್ರಿ ಎಂದು ಕೇಳಿದಳು.

"ಎಲ್ಲಿ ಆಗ್ತೈತಿ? ನೀ ಮಾಡಿದ ಸಾರು ನಾಯಿನೂ ಮೂಸಂಗಿಲ್ಲ," ಎಂದ ಅವನು.

ಅವಳು ನಗುತ್ತಲೇ ಇಲ್ಲ ಎಂಬ ಗೆರೆಯ ಮೇಲೆ ನಡೆದು, ಬಡಿಸಿ, ಮತ್ತೆ ಗಂಗಾಳಕ್ಕೆ ಬಂದಳು. ಎರಡನೆಯ ಸಲ ಅವನು ಹೊಟ್ಟೆ ಸವರಿಕೊಂಡು ತೇಗಿದ. ಹೌದು ಎಂಬ ಗೆರೆ ಅವಳನ್ನು ಕೊನೆಗೆ ಮುಟ್ಟಿಸಿತು. ಎರಡೂ ದಾರಿ ಸರಿಯಾಗಿವೆ ಎಂದು ನಾನು ತೀರ್ಮಾನಿಸಿದೆ. ಆಟದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಚಿತ್ರವನ್ನು ಅವಳ ಮನೆಯ ಅಡುಗೆ ಕೋಣೆಯ ಗೋಡೆಯ ಮೇಲೆ ಬರೆದರಂತೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಸುಣ್ಣದ ಗೆರೆ. ಮಗಳು ಕೈಯಿಂದ ಎಳೆದ ಗೆರೆಗಳನ್ನು ನೋಡಿದ ಅಪ್ಪ ಇದೇನು ಹಾವು ಹೋದಂಗೆ ಎಂದು ಅಳಿಸಿ, ತಾವೇ ಗೋಡೆಯ ನೇರ ನೋಡುವ ಗುಂಡುದಾರ ಬಿಟ್ಟು, ಸುಣ್ಣದಲ್ಲಿ ಅದ್ದಿದ ನೂಲನ್ನು ಎಳೆದು ಗೋಡೆಗೆ ಹೊಡೆದು, ಎಲ್ಲ ಗೆರೆಗಳನ್ನೂ ನೆಟ್ಟಗೆ ಮಾಡಿಕೊಟ್ಟರು. ಇದನ್ನು ಅವಳು ಮರುದಿನ ಬಂದು ನನಗೆ ಹೇಳಿದಳು. ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಹತ್ತು ದಿನ ಅವ್ವನಿಗೆ ಅಭ್ಯಾಸ ಮಾಡಿಸಿ, ಬಳ್ಳಾರಿಗೆ ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆ ಸೈಕಲ್ ಅಂಗಡಿಯ ಯುವಕ ಪಾಠ ಶುರುವಾಗುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದ. ತಮಾಷೆಯ ಮುಖವಾಗಿರಲಿಲ್ಲ. ಅವಳ ತಂದೆ ಹಿಂದಿನ ದಿನ ಹರಪನಹಳ್ಳಿ ರಸ್ತೆಯಲ್ಲಿ ಕಟ್ಟಡವೊಂದರ ಹತ್ತಿರ ಬಿದ್ದರೆಂದೂ, ದಾವಣಗೆರೆಗೆ ಒಯ್ದಿದ್ದಾರೆಂದೂ, ಅವಳು ಬಳ್ಳಾರಿಯಿಂದ ನೇರವಾಗಿ ಅಲ್ಲಿಗೇ ಹೋದಳೆಂದೂ ತಿಳಿಸಿದ. "ಶುಗರ್ ಇಳಿದಿತ್ತಂತ್ರೀ," ಎಂದ. ಅಷ್ಟು ಹೇಳಿ ಕೆಳಗೆ ಇಳಿದು ಹೋದ. ಅಂದು ಪಾಠಕ್ಕೆ ಬರಲಿಲ್ಲ.

ನಾನು ಅವಳಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲ ಮಾಡಲಿಲ್ಲ. ಬ್ಯುಸಿ ಇರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡದ್ದು ನಿಜವಾದ ಕಾರಣವಲ್ಲ. ನನ್ನ ಬಳಿ ಅವಳ ಹಾಳೆಯ ನಕಲು ಇತ್ತು. ಬಸ್ಸಿನಲ್ಲಿ ಅದನ್ನು ತೆಗೆದು ದಿನವೂ ನೋಡುತ್ತಿದ್ದೆ. ಯಾವ ಗೆರೆಯೂ ತಪ್ಪಿರಲಿಲ್ಲ. ಎಲ್ಲ ಡಬ್ಬಿಗಳಿಗೂ ಒಳದಾರಿ, ಹೊರದಾರಿ ಇದ್ದವು. ಹಾಗಿದ್ದರೆ ಅವ್ವನೇ ಎಲ್ಲೋ ತಪ್ಪಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡೆನೆಂದು ಇಲ್ಲಿ ಬರೆಯದೆ ಬಿಡುವುದು ಸರಿಯಲ್ಲ.

ಒಂದೂವರೆ ತಿಂಗಳ ಮೇಲೆ, ಅವಳ ತಂದೆ ಮನೆಗೆ ಮರಳಿದ್ದಾರೆ ಎಂದು ತಿಳಿದು, ಒಂದು ಭಾನುವಾರ ಆ ಊರಿಗೆ ಹೋದೆ. ಕೊಟ್ಟೂರಿನಲ್ಲಿ ಬಸ್ಸು ಇಳಿದು, ಉಜ್ಜಿನಿಗೆ ಹೋಗುವ ಭಕ್ತರಿಂದ ತುಂಬಿದ ಆಟೋದಲ್ಲಿ ತುದಿಗೆ ಕುಳಿತು, ಊರ ಅಗಸಿ ಬಾಗಿಲ ಹತ್ತಿರ ಇಳಿದೆ. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಬೆಳಿಗ್ಗೆ ಮನೆ ಬಿಡುವಾಗ ಕುಡಿದ ಒಂದು ಲೋಟ ಚಹಾ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಮಗಳು ಒಳಗೆ ಇದ್ದಳು. ಬಾಗಿಲಿಗೆ ಬಂದವರು ತಾಯಿ. ಸಣಕಲು ಮೈ, ಗಟ್ಟಿ ಮುಂಗೈ. ನಾನು ಯಾರೆಂದು ಹೇಳಿದೆ.

"ಬರ್ರಿ ಟೀಚರಮ್ಮ. ಊಟ ಆತೇನ್ರಿ?"

"ಆತ್ರಿ," ಎಂದೆ.

ಅವರು ಬಾಗಿಲ ಚೌಕಟ್ಟನ್ನು ಹಿಡಿದು ನನ್ನನ್ನೇ ನೋಡಿದರು. ಸಿಟ್ಟು ಇರಲಿಲ್ಲ. "ಅವರೂ ಹಂಗ ಅಂದ್ರು," ಎಂದರು.

ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿದ್ದು ಆಗ. ಯಾರದೇ ಮನೆಯ ಹೊಸ್ತಿಲಲ್ಲಿ ಆ ಪ್ರಶ್ನೆಗೆ ನಾನು ಇದುವರೆಗೆ ಇಲ್ಲ ಎಂದಿರಲಿಲ್ಲ. ಯಾರೂ ಅನ್ನುವುದಿಲ್ಲ. ಹಸಿದು ಬಂದಿದ್ದೇನೆ ಎಂದರೆ ಬಡಿಸಿ ಎಂದು ಕೇಳಿದಂತೆ, ಎದುರಿಗಿರುವವರನ್ನು ಎಬ್ಬಿಸಿ ಒಲೆಯ ಮುಂದೆ ಕೂರಿಸಿದಂತೆ. ಆತು ಎನ್ನುವುದು ನಮ್ಮಲ್ಲಿ ಮರ್ಯಾದೆ. ಆ ಶಂಕರಪೋಳಿಯಿಂದ ಇಲ್ಲ ಎಂಬ ಗೆರೆ ಎಳೆದಿದ್ದೆ, ಆದರೆ ಅದರ ಮೇಲೆ ನಡೆಯುವವರು ಯಾರೂ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಇದೇ ಸೀಮೆಯಲ್ಲಿ. ಇದು ನನಗೆ ಗೊತ್ತಿರಬೇಕಾಗಿತ್ತು.

ಅಂದು ನಡೆದದ್ದನ್ನು ತಾಯಿ ಹೇಳಿದರು. ಬೆಳಿಗ್ಗೆ ಚಿತ್ರದ ಪ್ರಕಾರವೇ ಸೂಜಿ ಹಾಕಿದರು. ರೊಟ್ಟಿಯ ಬುಟ್ಟಿಯನ್ನೂ ಪಲ್ಯವನ್ನೂ ಗಂಡನ ಹತ್ತಿರ ಇಟ್ಟರು. ಅಷ್ಟರಲ್ಲಿ ಓಣಿಯ ನಲ್ಲಿಗೆ ನೀರು ಬಂತು. ಐದಾರು ದಿನಕ್ಕೊಮ್ಮೆ ಬರುವ ನೀರು, ಕೊಡ ತೆಗೆದುಕೊಂಡು ಹೋದರು. ಅವರು ಅತ್ತ ಹೋದಾಗ ಹೊಸ ಕೆಲಸದ ಮಾತಿಗೆ ಒಬ್ಬರು ಮೋಟರ್ ಸೈಕಲ್ಲಿನಲ್ಲಿ ಬಂದು ಪಡಸಾಲೆಯಲ್ಲಿ ಕುಳಿತರು. ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು ತಾನು ಉಣ್ಣುವುದು ಹೇಗೆ ಎಂದು ಗಂಡ ಬುಟ್ಟಿ ಮುಚ್ಚಿಟ್ಟಿರಬೇಕು. ತಾಯಿ ತುಂಬಿದ ಕೊಡದೊಂದಿಗೆ ಬಂದವರು, ಬಾಗಿಲಿಂದಲೇ ಊಟ ಆತೇನ್ರಿ ಎಂದು ಕೇಳಿದರು. ಬಂದ ಮನುಷ್ಯನ ಎದುರಿಗೆ ಗಂಡ ಆತು ಆತು ಎಂದರು. ತಾಯಿ ಒಳಗೆ ಹೋಗಿ ಕೊಡ ಇಳಿಸಿ, ಗೋಡೆಯ ಗೆರೆಯ ಮೇಲೆ ಬೆರಳು ಸರಿಸಿ, ಮುಗಿಯಿತು ಎಂದು ಮತ್ತೆ ನೀರಿಗೆ ಹೋದರು. ಗಂಡ ಒಗೆದ ಅಂಗಿ ಹಾಕಿಕೊಂಡು ಬಂದವರ ಹಿಂದೆ ಗಾಡಿ ಹತ್ತಿದರು. ಮಗಳು ಯಾವಾಗಲೂ ಅಪ್ಪನ ಜೇಬಿನಲ್ಲಿ ಇರಿಸುತ್ತಿದ್ದ ಬೆಲ್ಲದ ತುಂಡು ಗೂಟಕ್ಕೆ ನೇತುಹಾಕಿದ್ದ ಹಳೆಯ ಅಂಗಿಯಲ್ಲಿ ಉಳಿಯಿತು. ಕಟ್ಟಡದ ಹತ್ತಿರ ತಲೆ ತಿರುಗಿ ಕುಳಿತವರನ್ನು, ಬಿಸಿಲಿಗೆ ಹೀಗಾಗಿದೆ ಎಂದು ನೆರಳಿನಲ್ಲಿ ಮಲಗಿಸಿದರು. ನಿದ್ದೆ ಹತ್ತಿದೆ ಎಂದು ಎಬ್ಬಿಸದೆ ಬಿಟ್ಟರು. ಎಬ್ಬಿಸಲು ಹೋದಾಗ ಮಧ್ಯಾಹ್ನವಾಗಿತ್ತು.

ಜೀವ ಉಳಿಯಿತು. ಅವಳ ತಂದೆ ಪಡಸಾಲೆಯಲ್ಲಿ ಹಗ್ಗದ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ನಾನು ಕೈ ಮುಗಿದೆ. ಕಣ್ಣು ನನ್ನ ಕಡೆ ತಿರುಗಿತು, ಆದರೆ ಯಾರನ್ನೂ ನೋಡಲಿಲ್ಲ. ಸಕ್ಕರೆ ಬಹಳ ಹೊತ್ತು ಇಳಿದೇ ಇದ್ದು ಮೆದುಳಿಗೆ ಪೆಟ್ಟಾಗಿ ಮಾತು ಹೋಗಿತ್ತು. ಬಲಗೈಯ ಬೆರಳುಗಳು ತೊಡೆಯ ಮೇಲೆ ಏನನ್ನೋ ಸವರಿ ಸಮ ಮಾಡುವಂತೆ ಆಡುತ್ತಲೇ ಇದ್ದವು. ಮಗಳು ಅವರ ಬಾಯಿ ಒರೆಸುತ್ತಿದ್ದಳು. ನನ್ನನ್ನು ನೋಡಿ, ಕುಂದ್ರಿ ಮೇಡಂ ಎಂದಷ್ಟೇ ಹೇಳಿದಳು. ತರಬೇತಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗಲೂ ಎರಡು ಹೊತ್ತು ಸೂಜಿ ಬೇಕು. ತಾಯಿ ಅಂದಿನಿಂದ ಸಿರಿಂಜನ್ನು ಕೈಯಲ್ಲಿ ಹಿಡಿದಿಲ್ಲ. ಇನ್ನೊಂದು ಬರೆದುಕೊಡುತ್ತೇನೆ, ತಪ್ಪಿದ್ದನ್ನು ತಿದ್ದಿ ಬರೆಯುತ್ತೇನೆ ಎಂದು ಮಗಳು ಹೇಳಿ ನೋಡಿದ್ದಳಂತೆ. ಗೆರೆಯ ಸಹವಾಸವೇ ಬೇಡ ಎಂದರಂತೆ. ಹಾಗಾಗಿ ಅವಳು ಹೊಸ್ತಿಲು ದಾಟಿ ದೂರ ಹೋಗುವಂತಿಲ್ಲ.

ಗೋಡೆಯನ್ನು ತೋರಿಸಲು ತಾಯಿ ನನ್ನನ್ನು ಒಳಗೆ ಕರೆದರು. ಚಿತ್ರ ಹಾಗೆಯೇ ಇತ್ತು. ನೂಲು ಹೊಡೆದ ಗೆರೆಗಳು, ಒಂದೂ ಸೊಟ್ಟ ಇರಲಿಲ್ಲ. ಹತ್ತು ದಿನದ ಅಭ್ಯಾಸದಲ್ಲಿ, ನಂತರದ ದಿನಗಳಲ್ಲಿ, ಎಣ್ಣೆ ಹಿಟ್ಟಿನ ಬೆರಳು ಓಡಾಡಿದ ದಾರಿ ಕಪ್ಪಾಗಿತ್ತು. ಮಡಕೆಯಿಂದ ಸೀಸೆಗೆ, ಸೀಸೆಯಿಂದ ಸಿರಿಂಜಿಗೆ, ಅಲ್ಲಿಂದ ಗಂಗಾಳಕ್ಕೆ, ಗಂಗಾಳದಿಂದ ನೇರ ಕೊನೆಗೆ. ಇಲ್ಲ ಎಂಬ ಗೆರೆ ಮಾತ್ರ ಅಪ್ಪ ಎಳೆದ ದಿನ ಇದ್ದಷ್ಟೇ ಬೆಳ್ಳಗಿತ್ತು.

"ನಾನು ಗೆರಿ ತಪ್ಪಿಲ್ರಿ," ಎಂದರು ತಾಯಿ. "ಎಲ್ಲಾರೂ ಕೇಳ್ತಾರ, ಏನು ಮರ್ತಿ, ಏನು ಬಿಟ್ಟಿ ಅಂತ. ನೀವು ಓದಿದೋರು, ನೀವ ನೋಡಿ ಹೇಳ್ರಿ."

"ನೀವು ತಪ್ಪಿಲ್ರಿ," ಎಂದೆ.

ಕೊನೆಯ ಮೊಟ್ಟೆಯಾಕಾರದ ಪಕ್ಕ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಬರೆದ ಒಂದು ಗುರುತಿತ್ತು. ಹಾಳೆಯ ಮೇಲೆ ನಾನು ಹಾಕಿದ ಸರಿ ಗುರುತು. ಹಾಳೆಯಲ್ಲಿದ್ದ ಯಾವುದನ್ನೂ ಬಿಡಬಾರದು ಎಂದು ಮಗಳು ಅದನ್ನೂ ಗೋಡೆಗೆ ಇಳಿಸಿದ್ದಳು. ಅದರ ಮೇಲೂ ಬೆರಳಿನ ಕಲೆ ಇತ್ತು.

"ಇದೇನ್ರಿ? ಇಕಿನ್ನ ಕೇಳಿದ್ರ ಹೇಳವಲ್ಲಳು. ನಾನು ಇದು ಪೂರಾ ಮುಗೀತು ಅನ್ನೋ ಗುರ್ತು ಅನ್ಕಂಡಿದ್ದೆ. ಅವತ್ತೂ ಇದನ್ನ ಮುಟ್ಟಿ ನೀರಿಗೆ ಹೋದೆ."

ಮಗಳು ಬಾಗಿಲ ಹತ್ತಿರ ಬಂದು ನಿಂತಿದ್ದಳು. ಬ್ಯಾಡ ಎನ್ನುವಂತೆ ನನ್ನ ಕಡೆ ಸ್ವಲ್ಪವೇ ತಲೆ ಆಡಿಸಿದಳು. ಇಷ್ಟು ದಿನ ಅವಳು ಹೇಳದೆ ಉಳಿಸಿಕೊಂಡಿದ್ದು ನನ್ನನ್ನು.

"ಅದು ನಾನು ಹಾಕಿದ್ದು," ಎಂದೆ. "ಎಲ್ಲಾ ಸರಿ ಐತಿ ಅಂತ ಹಾಕಿದ್ದು. ನಿಮ್ಮ ಮಗಳು ಮೊದಲು ಬ್ಯಾರೆ ಬರೆದಿದ್ಲು. ಅಪ್ಪ ಉಣ್ಣೋತನ ಎದುರಿಗೆ ಕುಂದ್ರು ಅಂತ. ಅದು ತಪ್ಪು ಅಂತ ನಾನ ತೆಗೆಸಿದೆ."

ಕ್ಷಮೆ ಕೇಳಬೇಕೆಂದು ಆಟೋದಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳು ಬೇರೆ ಯಾವುದೋ ತಪ್ಪಿಗೆ ಜೋಡಿಸಿದ್ದವು, ಅವು ಇಲ್ಲಿಗೆ ಕೂಡಲಿಲ್ಲ. ತಾಯಿ ಗುರುತನ್ನು ನೋಡಿದರು, ಮಗಳನ್ನು ನೋಡಿದರು. ಹೊರಗೆ ಹೊರಸಿನ ಮೇಲೆ ಆ ಬೆರಳುಗಳು ಬಟ್ಟೆಯನ್ನು ಸವರುವ ಸದ್ದು ಕೇಳುತ್ತಿತ್ತು.

ನಾನು ಹೊರಡುತ್ತೇನೆ ಎಂದೆ. ತಾಯಿ ಒಲೆಯ ಹತ್ತಿರ ಹೋಗಿ, ಗಂಗಾಳದಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹಾಕಿಕೊಂಡು ಬಂದರು. ಊಟ ಆಗಿದೆಯೇ ಎಂದು ಎರಡನೆಯ ಸಲ ಕೇಳಲಿಲ್ಲ. ಬೇಡ ಎನ್ನಲು ನಾನು ಬಾಯಿ ತೆರೆದೆ, ಹೇಳಲಿಲ್ಲ. ಗೋಡೆಯ ಕೆಳಗೆ ಕುಳಿತೆ. ಅವರು ಗಂಗಾಳವನ್ನು ನನ್ನ ಮುಂದೆ ಇಟ್ಟು, ಎದುರಿಗೆ ಮಂಡಿ ಮಡಚಿ ಕುಳಿತರು.

ಓಣಿಯಲ್ಲಿ ನೀರು ಬಂದಿದೆ ಎಂದು ಯಾರೋ ಕೂಗಿದರು. ಮಗಳು ಕೊಡ ತೆಗೆದುಕೊಂಡು ಹೊರಟಳು. ತಾಯಿ ಏಳಲಿಲ್ಲ. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ನಾನು ಬಾಯಿಗೆ ಇಡುವುದನ್ನು, ಅಗಿಯುವುದನ್ನು, ನುಂಗುವುದನ್ನು ಒಂದೊಂದಾಗಿ ನೋಡುತ್ತಿದ್ದರು. ಎರಡನೆಯ ರೊಟ್ಟಿಯ ಅರ್ಧಕ್ಕೆ ನಾನು ಕೈ ನಿಲ್ಲಿಸಿದೆ. ಅವರು ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿ ಕಾದರು. ಕೊನೆಯ ತುತ್ತು ಇಳಿಯುವುದನ್ನು ನೋಡಿದ ಮೇಲೆ, ಗಂಗಾಳ ಎತ್ತಿಕೊಂಡು ಎದ್ದರು.